ಎಕ್ಸ್‌ರೇ ಕೆಲಸದ ಜೊತೆಗೆ ಆರ್‌ಎಸ್‌ಒ ಎಂದು ಸಹಿ ಹಾಕಲು ಕೇಳುತ್ತಿದ್ದಾರೆ, ಒಪ್ಪಬಹುದೇ?

ಗಿಣಿಗೇರಾದವನು

ಎಲ್ಲರಿಗೂ ನಮಸ್ಕಾರ. ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಮುಗಿಸಿ ಕೊಪ್ಪಳದ ಚಿಕ್ಕ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಿಂದ ಕರೆ ಬಂದಿದೆ. ಎರಡು ಎಕ್ಸ್‌ರೇ, ಒಂದು ಸಿಟಿ ಸ್ಕ್ಯಾನ್, ಆಪರೇಷನ್ ಥಿಯೇಟರಿನಲ್ಲಿ ಒಂದು ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ಇದೆ. ಸಂಬಳ ಈಗಿನದಕ್ಕಿಂತ ಎಷ್ಟೋ ಮೇಲು.

ತೊಡಕು ಏನೆಂದರೆ, ಅಲ್ಲಿದ್ದ ವಿಕಿರಣ ಸುರಕ್ಷಾಧಿಕಾರಿ, ಅಂದರೆ ಆರ್‌ಎಸ್‌ಒ, ಕೆಲಸ ಬಿಟ್ಟು ಹೋಗಿದ್ದಾರೆ. "ಇ-ಲೋರಾದಲ್ಲಿ (ವಿಕಿರಣ ಯಂತ್ರಗಳ ಪರವಾನಗಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಿಮ್ಮ ಹೆಸರು ಹಾಕಿಸುತ್ತೇವೆ, ಸಹಿ ಮಾಡಿದರೆ ಸಾಕು, ಬೇರೆ ಕೆಲಸವೇನೂ ಇರುವುದಿಲ್ಲ" ಎಂದು ಆಡಳಿತದವರು ಹೇಳಿದರು. ವಿಭಾಗ ನೋಡಿಕೊಂಡು ಬಂದೆ. ಎಸಿ ಕೆಟ್ಟಿದೆಯೆಂದು ಎಕ್ಸ್‌ರೇ ಕೊಠಡಿಯ ಬಾಗಿಲನ್ನು ಹಗ್ಗದಿಂದ ಕಟ್ಟಿ ತೆರೆದಿಟ್ಟಿದ್ದಾರೆ. ಕೆಲಸಗಾರರಿಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗಳು ಕನ್ಸೋಲ್ ಪಕ್ಕದ ಮೊಳೆಗೆ ಸಾಲಾಗಿ ನೇತಾಡುತ್ತಿದ್ದವು, ಯಾರ ಎದೆಯ ಮೇಲೂ ಇರಲಿಲ್ಲ. ಥಿಯೇಟರಿನವರಿಗೆ ಬ್ಯಾಡ್ಜೇ ಇಲ್ಲ.

ಇನ್ನೊಂದು ಮಾತು. ಅವ್ವನಿಗೆ ಈ ಕೆಲಸವೇ ಬೇಡವಾಗಿದೆ. "ಆ ಕಿರಣದ ಕೋಣೆಯಲ್ಲಿ ಇರುವವನಿಗೆ ಯಾರು ಹೆಣ್ಣು ಕೊಡುತ್ತಾರೆ, ಮಕ್ಕಳಾಗುವುದಿಲ್ಲವಂತೆ" ಎಂದು ದಿನವೂ ಹೇಳುತ್ತಾಳೆ. ತಿಳಿದವರು ಸ್ವಲ್ಪ ಹೇಳಿ.

ಹಳೆಯ ಡಾರ್ಕ್‌ರೂಮ್, ರಾಯಚೂರು

ತಮ್ಮ, "ಸಹಿ ಮಾಡಿದರೆ ಸಾಕು" ಎಂದವರನ್ನು ಒಂದೇ ಪ್ರಶ್ನೆ ಕೇಳು: ಯಾರಿಗೆ ಸಾಕು? ಪರವಾನಗಿ ನವೀಕರಣಕ್ಕೆ ಅವರಿಗೆ ಸಾಕು. ನಾಳೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ತಪಾಸಣೆಯವರು ಬಂದು ಬ್ಯಾಡ್ಜ್ ವರದಿ ಎಲ್ಲಿ, ಗುಣಮಟ್ಟ ಪರೀಕ್ಷೆಯ ಕಾಗದ ಎಲ್ಲಿ ಎಂದಾಗ ಅವರು ಬೆರಳು ತೋರಿಸುವುದು ನಿನ್ನ ಕಡೆಗೆ.

2004ರ ಪರಮಾಣು ಶಕ್ತಿ (ವಿಕಿರಣ ರಕ್ಷಣೆ) ನಿಯಮಗಳಲ್ಲಿ ಮಾಲೀಕನ ಹೊಣೆ ಬೇರೆ, ಆರ್‌ಎಸ್‌ಒ ಹೊಣೆ ಬೇರೆ, ಕೆಲಸಗಾರನ ಹೊಣೆ ಬೇರೆ ಎಂದು ಬಿಡಿಸಿ ಬರೆದಿದ್ದಾರೆ. ಯಂತ್ರ, ಕಿರಣ ತಡೆಯುವ ಸೀಸದ ಏಪ್ರನ್, ಬ್ಯಾಡ್ಜ್, ಜನ, ಹಣ ಇವೆಲ್ಲ ಮಾಲೀಕ ಒದಗಿಸಬೇಕಾದವು. ಆರ್‌ಎಸ್‌ಒ ಮಾಡಬೇಕಾದದ್ದು ನಿಗಾ, ಅಳತೆ, ದಾಖಲೆ, ತರಬೇತಿ. ಅಪಾಯ ಕಂಡರೆ ಬರವಣಿಗೆಯಲ್ಲಿ ಮೇಲಿನವರಿಗೆ ತಿಳಿಸುವುದು. ಈ ಕೊನೆಯದೇ ನಿನ್ನ ರಕ್ಷಣೆ. ಬಾಯಿಮಾತಿನಲ್ಲಿ ನೂರು ಸಲ ಹೇಳಿದ್ದು ಗಾಳಿಗೆ ಹೋಗುತ್ತದೆ.

ಮಾಡಬೇಡ ಎಂದು ಹೇಳುತ್ತಿಲ್ಲ. ಸುರಕ್ಷಾಧಿಕಾರಿಯ ಕೆಲಸ ಗೌರವದ ಕೆಲಸವೇ. ಕೆಲಸ ಮಾಡಲು ಬಿಡುವುದಾದರೆ ಒಪ್ಪು, ಹೆಸರು ಮಾತ್ರ ಬೇಕು ಎನ್ನುವುದಾದರೆ ಬಿಟ್ಟು ಬಾ.

ಬಿಸಿಲೂರು

ನಮ್ಮಲ್ಲಿ ಬ್ಯಾಡ್ಜ್‌ಗಳನ್ನು ಗಣಪತಿಯ ಫೋಟೊಗೇ ನೇತು ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಎಲ್ಲರದ್ದೂ ಸೊನ್ನೆ ಬರುತ್ತದೆ. ವಿಘ್ನನಿವಾರಕನ ಮಹಿಮೆ.

ಹಾಗೆಯೇ ಒಂದು ಅನುಮಾನ. ನಮ್ಮ ಹಿರಿಯರೊಬ್ಬರು ದಿನಾ ಬೆಲ್ಲ, ಬಾಳೆಹಣ್ಣು ತಿಂದರೆ, ಹಾಲು ಕುಡಿದರೆ ಕಿರಣ ಇಳಿದುಹೋಗುತ್ತದೆ ಎನ್ನುತ್ತಾರೆ. ನಿಜವೇ?

ಭೌತಶಾಸ್ತ್ರ ಬಳ್ಳಾರಿ

ನಾನು ಕ್ಯಾನ್ಸರ್ ಚಿಕಿತ್ಸಾ ವಿಭಾಗದಲ್ಲಿ ವೈದ್ಯಕೀಯ ಭೌತವಿಜ್ಞಾನಿ. ಬಿಸಿಲೂರು ಅವರೇ, ಬೆಲ್ಲ ಬಾಳೆಹಣ್ಣು ಹಸಿವಿಗೆ ಒಳ್ಳೆಯದು. ಎಕ್ಸ್‌ರೇ ಮೈಯಲ್ಲಿ ಉಳಿಯುವ ವಸ್ತುವಲ್ಲ, ಆದ್ದರಿಂದ ಇಳಿಸಲು ಅಲ್ಲೇನೂ ಇರುವುದಿಲ್ಲ. ಸ್ವಿಚ್ ಬಿಟ್ಟ ಕ್ಷಣ ಕಿರಣ ಇಲ್ಲ. ಕೊಠಡಿಯ ಗಾಳಿಯಲ್ಲಿ, ಮೇಜಿನ ಮೇಲೆ, ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಆ ಸೊನ್ನೆ ನನಗೆ ನಗು ತರಿಸುವುದಿಲ್ಲ. ಮೊಳೆಗೆ ನೇತಾಡುವ ಬ್ಯಾಡ್ಜ್ ಅಳೆಯುವುದು ಮೊಳೆಯ ಡೋಸನ್ನು, ಅಂದರೆ ಮೊಳೆಗೆ ಬಿದ್ದ ವಿಕಿರಣದ ಪ್ರಮಾಣವನ್ನು. ಬ್ಯಾಡ್ಜ್ ತಾಯಿತವಲ್ಲ, ಅದು ಯಾರನ್ನೂ ಕಾಪಾಡುವುದಿಲ್ಲ. ಬಿದ್ದದ್ದನ್ನು ಲೆಕ್ಕ ಇಡುತ್ತದೆ ಅಷ್ಟೇ. ಒಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಬಿಲ್ಲೆಗಳಿರುತ್ತವೆ. ಒಂದರ ಮೇಲೆ ಲೋಹದ ಸೋಸುಪಟ್ಟಿ, ಒಂದರ ಮೇಲೆ ಪ್ಲಾಸ್ಟಿಕ್, ಇನ್ನೊಂದು ತೆರೆದದ್ದು. ವಿಕಿರಣದ ಶಕ್ತಿ ಬಿಲ್ಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅದು ಬೆಳಕಾಗಿ ಹೊರಬರುತ್ತದೆ, ಆ ಬೆಳಕನ್ನು ಅಳೆದು ಡೋಸ್ ಹೇಳುತ್ತಾರೆ. ಮೂರು ಬಿಲ್ಲೆಗಳ ಅಂಕಿ ಹೋಲಿಸಿದರೆ ಬಿದ್ದದ್ದು ಯಾವ ಬಗೆಯ ಕಿರಣ ಎಂಬುದೂ ತಿಳಿಯುತ್ತದೆ. ಎದೆಯ ಮಟ್ಟದಲ್ಲಿ, ಏಪ್ರನ್ ತೊಟ್ಟಾಗ ಅದರ ಒಳಗೆ ಧರಿಸಬೇಕು. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು.

"ಬಳ್ಳಾರಿಯ ಮೇ ತಿಂಗಳ ಬಿಸಿಲಿಗೆ ಬ್ಯಾಡ್ಜ್ ಅಳಿಸಿಹೋಗುವುದಿಲ್ಲವೇ" ಎಂದು ಪ್ರತಿ ತರಬೇತಿಯಲ್ಲಿ ಯಾರಾದರೂ ಕೇಳುತ್ತಾರೆ. ಆ ಬೆಳಕು ಹೊರಬರಲು 200 ಡಿಗ್ರಿಗೂ ಮೇಲಿನ ಶಾಖ ಬೇಕು. ನಮ್ಮ 42 ಡಿಗ್ರಿ ನಮ್ಮನ್ನು ಅಳಿಸಬಹುದು, ಬಿಲ್ಲೆಯನ್ನಲ್ಲ. ಹಾಗೆಂದು ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ, ಪ್ಯಾಂಟಿನ ಜೊತೆ ಒಗೆಯಲೂ ಬೇಡಿ.

ಇನ್ನು ಗಿಣಿಗೇರಾದವರೇ, ನೀವು ಹೇಳಿದ್ದರಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಬ್ಯಾಡ್ಜ್ ಅಲ್ಲ, ಹಗ್ಗ ಕಟ್ಟಿದ ಬಾಗಿಲು. ಬಾಗಿಲಿನ ಎದುರಿಗೆ ಯಾರು ಕೂರುತ್ತಾರೆ ನೋಡಿದಿರಾ?

ಗಿಣಿಗೇರಾದವನು

ಮೇಡಂ, ಬಾಗಿಲಿನ ನೇರಕ್ಕೆ ಬಿಲ್ ಬರೆಯುವ ಹುಡುಗಿಯ ಮೇಜು ಇದೆ. ಪಕ್ಕದಲ್ಲಿ ರೋಗಿಗಳ ಬೆಂಚು.

ಭೌತಶಾಸ್ತ್ರ ಬಳ್ಳಾರಿ

ಅದನ್ನೇ ಊಹಿಸಿದ್ದೆ. ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋಗುವ ರೋಗಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವರಿಗೆ ಬೀಳುವುದು ಲೆಕ್ಕಕ್ಕೇ ಬಾರದಷ್ಟು. ಲೆಕ್ಕ ಹಾಕಬೇಕಾದದ್ದು ಆ ಹುಡುಗಿಗೆ.

ಸೊಂಟದ ಎಕ್ಸ್‌ರೇಯಲ್ಲಿ ರೋಗಿಯ ಚರ್ಮದ ಮೇಲೆ ಬೀಳುವುದು ಸುಮಾರು 5 ಮಿಲಿಗ್ರೇ ಎಂದಿಟ್ಟುಕೊಳ್ಳಿ (ಗ್ರೇ, ಸೀವರ್ಟ್ ಎರಡೂ ಡೋಸಿನ ಮಾನಗಳು, ಎಕ್ಸ್‌ರೇಯ ಒರಟು ಲೆಕ್ಕಕ್ಕೆ ಎರಡೂ ಒಂದೇ). ರೋಗಿಯ ಮೈಯಿಂದ ಚದುರಿದ ಕಿರಣ 1 ಮೀಟರ್ ದೂರದಲ್ಲಿ ಅದರ ಸಾವಿರದಲ್ಲಿ ಒಂದು ಪಾಲು, ಅಂದರೆ 5 ಮೈಕ್ರೋಗ್ರೇ. 3 ಮೀಟರ್‌ಗೆ ಹೋದರೆ ಅದರ ಒಂಬತ್ತರಲ್ಲಿ ಒಂದು, ಅಂದರೆ ಅರ್ಧ ಮೈಕ್ರೋಗ್ರೇಗಿಂತ ತುಸು ಹೆಚ್ಚು. ಒಂದು ಎಕ್ಸ್‌ರೇಗೆ ಇದು ಏನೂ ಅಲ್ಲ. ಆದರೆ ದಿನಕ್ಕೆ ಇಂಥವು 10, ವರ್ಷಕ್ಕೆ 300 ದಿನ, ಬಾಗಿಲು ಸದಾ ತೆರೆದೇ ಇದೆ ಎಂದರೆ ಒಟ್ಟು ಸುಮಾರು 1.7 ಮಿಲಿಸೀವರ್ಟ್ ಆಗುತ್ತದೆ. ಸಾರ್ವಜನಿಕರಿಗೆ ಇರುವ ಮಿತಿ ವರ್ಷಕ್ಕೆ 1. ಆಕೆ ವಿಕಿರಣ ಕೆಲಸಗಾರ್ತಿ ಅಲ್ಲ, ಬ್ಯಾಡ್ಜ್ ಇಲ್ಲ, ತರಬೇತಿ ಇಲ್ಲ, ತನಗೇನು ಬೀಳುತ್ತಿದೆ ಎಂಬುದೇ ತಿಳಿದಿಲ್ಲ. ಒರಟು ಲೆಕ್ಕ ಇದು, ನಿಜವಾದ ಅಂಕಿ ಆ ಜಾಗದ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದಾಗ ಸಿಗುತ್ತದೆ. ಆದರೂ ಬಾಗಿಲು ಮುಚ್ಚಲು ಇಷ್ಟು ಸಾಕು.

ಎಇಆರ್‌ಬಿಯವರು ಮುಖ್ಯ ಕಿರಣ ಬೀಳುವ ಗೋಡೆಗೆ 35 ಸೆಂಟಿಮೀಟರ್ ಇಟ್ಟಿಗೆ, ಉಳಿದ ಗೋಡೆಗಳಿಗೆ 23, ಬಾಗಿಲಿಗೆ 1.7 ಮಿಲಿಮೀಟರ್ ಸೀಸ ಎಂದು ಹೇಳಿದ್ದು ಇದಕ್ಕೇ. ಅಷ್ಟು ಖರ್ಚು ಮಾಡಿ ಸೀಸದ ಬಾಗಿಲು ಕೂರಿಸಿ, ಆಮೇಲೆ ಹತ್ತು ರೂಪಾಯಿಯ ಹಗ್ಗ ಕಟ್ಟಿ ತೆರೆದಿಡುತ್ತಾರೆ.

ಭತ್ತದ ನಾಡು, ಸಿಂಧನೂರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಚಿಕ್ಕ ನರ್ಸಿಂಗ್ ಹೋಂ ನಡೆಸುವ ವೈದ್ಯ, ಅಂದರೆ ನೀವೆಲ್ಲ ಬೈಯುತ್ತಿರುವ "ಮಾಲೀಕ". ನನ್ನ ಕಡೆಯ ಮಾತೂ ಕೇಳಿ.

ಏಪ್ರಿಲ್‌ನಲ್ಲಿ ಕರೆಂಟ್ ಹೋಗುತ್ತದೆ. ಜನರೇಟರ್ ಮೇಲೆ ಎಕ್ಸ್‌ರೇ ಓಡುತ್ತದೆ, ಎಸಿ ಓಡುವುದಿಲ್ಲ. ಸಾಮಾನ್ಯ ಎತ್ತರದಲ್ಲಿ ಕಿಟಕಿ ತೆರೆದಿಡುವಂತಿಲ್ಲ. ಮುಚ್ಚಿದ ಕೊಠಡಿಯಲ್ಲಿ ತಂತ್ರಜ್ಞ ಐದು ಕಿಲೋ ತೂಕದ ಏಪ್ರನ್ ತೊಟ್ಟು ನಿಲ್ಲುವುದು ಎಷ್ಟು ಹೊತ್ತು? ನಾಟಿ ಕಾಲದಲ್ಲಿ ಗದ್ದೆಯಲ್ಲಿ ಬಿದ್ದು ಪೆಟ್ಟಾದವರು, ಟ್ರ್ಯಾಕ್ಟರ್ ಅಪಘಾತದವರು ಒಟ್ಟಿಗೇ ಬರುತ್ತಾರೆ. ಗುಣಮಟ್ಟ ಪರೀಕ್ಷೆಗೆ ಹೊರಗಿನಿಂದ ಸಂಸ್ಥೆಯವರು ಬರಬೇಕು, ಅವರಿಗೆ ಸಿಂಧನೂರು ಎಂದರೆ ಲೋಕದ ಕೊನೆ. ಬ್ಯಾಡ್ಜ್ ಸೇವೆಗೆ ಹಣ, ಪರವಾನಗಿಗೆ ಕಾಗದ. ನಿಯಮ ಬರೆದವರು ನಮ್ಮ ಊರಿನಲ್ಲಿ ಒಂದು ಬೇಸಿಗೆ ಕಳೆಯಲಿ.

ಹಳೆಯ ಡಾರ್ಕ್‌ರೂಮ್, ರಾಯಚೂರು

ಡಾಕ್ಟರೇ, ಬೇಸಿಗೆಯ ಮಾತು ಒಪ್ಪಿದೆ, ನಾನೂ ಇದೇ ಜಿಲ್ಲೆಯವನು. ಆದರೆ ಒಂದು ತಿದ್ದುಪಡಿ. ಸರಿಯಾದ ತಡೆಗೋಡೆಯ ಹಿಂದೆ ನಿಂತು ಸ್ವಿಚ್ ಒತ್ತುವವನಿಗೆ ಏಪ್ರನ್ ಬೇಕಿಲ್ಲ. 125 ಕಿಲೋವೋಲ್ಟ್ ಮತ್ತು ಅದಕ್ಕೂ ಮೇಲಿನ ಯಂತ್ರಕ್ಕೆ ಪ್ರತ್ಯೇಕ ನಿಯಂತ್ರಣ ಕೊಠಡಿಯೇ ಬೇಕು. ಅದಕ್ಕಿಂತ ಕಡಿಮೆಯದಕ್ಕೆ ಸೀಸದ ತಡೆ, ಕಿರಣ ಹೊರಡುವ ಟ್ಯೂಬಿನಿಂದ ಕನಿಷ್ಠ 3 ಮೀಟರ್ ದೂರ. ಏಪ್ರನ್ ಬೇಕಾಗುವುದು ವಾರ್ಡಿನಲ್ಲಿ ಮೊಬೈಲ್ ಎಕ್ಸ್‌ರೇ ತೆಗೆಯುವಾಗ, ಥಿಯೇಟರಿನಲ್ಲಿ, ಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕಾದಾಗ. ಹಿಡಿಯುವವರು ಮನೆಯವರಾಗಿರಲಿ, ಗರ್ಭಿಣಿ ಆಗಿರದಿರಲಿ. ದಿನಾ ತಂತ್ರಜ್ಞನೇ ಹಿಡಿಯುವ ಪದ್ಧತಿ ಬೇಡ.

ಎಸಿಗೆ ಪ್ರತ್ಯೇಕ ಇನ್ವರ್ಟರ್ ಹಾಕಿಸುವ ಖರ್ಚು ಒಂದು ಸಲದ್ದು. ನಿಮ್ಮ ಲಿಫ್ಟಿಗೆ ಹಾಕಿಸಿದ್ದೀರಲ್ಲ.

ಭತ್ತದ ನಾಡು, ಸಿಂಧನೂರು

ನಮ್ಮಲ್ಲಿ ಲಿಫ್ಟೇ ಇಲ್ಲ ಸ್ವಾಮಿ! ಇರಲಿ, ಮಾತು ತಲುಪಿತು. ಒಂದು ಪ್ರಶ್ನೆ: ಹಳೆಯ ಎಕ್ಸ್‌ರೇ ಯಂತ್ರ ಮೂಲೆಯಲ್ಲಿದೆ. ಗುಜರಿಯವನು ಕೇಳುತ್ತಿದ್ದಾನೆ. ಕೊಟ್ಟರೆ ಅಪಾಯವೇ?

ತೋರಣಗಲ್ಲು

ಗುಜರಿ ಎಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಆಸ್ಪತ್ರೆಯವನಲ್ಲ, ಉಕ್ಕಿನ ಕಾರ್ಖಾನೆಯಲ್ಲಿ ಉಪಕರಣ ವಿಭಾಗದವನು. ನಮ್ಮಲ್ಲಿ ಮಟ್ಟ ಅಳೆಯುವ ಗೇಜ್‌ಗಳಲ್ಲಿ ಸೀಸಿಯಂ-137, ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತುಗಳು ಇರುತ್ತವೆ. ಬೆಸುಗೆ ಪರೀಕ್ಷೆಯವರು ಅಂಥದ್ದೇ ಇರಿಡಿಯಂ-192 ತರುತ್ತಾರೆ. ಬಳ್ಳಾರಿ, ಕೊಪ್ಪಳದಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳು ಎಷ್ಟಿವೆಯೋ, ಗುಜರಿ ಬರುವ ದಾರಿಗಳೂ ಅಷ್ಟಿವೆ.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇಲ್ಲಿ ಎಲ್ಲರಿಗೂ ಗೊತ್ತಿರಬೇಕು. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಳಕೆ ನಿಂತಿದ್ದ ಗಾಮಾ ಕೋಶವನ್ನು (ವಸ್ತುಗಳ ಮೇಲೆ ಗಾಮಾ ಕಿರಣ ಹಾಯಿಸುವ ಉಪಕರಣ) ಹರಾಜಿನಲ್ಲಿ ಗುಜರಿಗೆ ಮಾರಿದರು. ಒಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿ ಒಡೆದ ಅಂಗಡಿಯವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಸತ್ತ. ಮಾರಿದ್ದು ವಿದ್ಯಾವಂತರು, ಸತ್ತದ್ದು ಸುತ್ತಿಗೆ ಹಿಡಿದವನು.

ಭೌತಶಾಸ್ತ್ರ ಬಳ್ಳಾರಿ

ತೋರಣಗಲ್ಲು ಅವರು ಹೇಳಿದ್ದು ಸರಿ, ಆದರೆ ಡಾಕ್ಟರ್ ಹೆದರಬೇಕಿಲ್ಲ. ಎಕ್ಸ್‌ರೇ ಯಂತ್ರದಲ್ಲಿ ವಿಕಿರಣಶೀಲ ವಸ್ತುವೇ ಇರುವುದಿಲ್ಲ. ವಿದ್ಯುತ್ ಇಲ್ಲದಿದ್ದರೆ ಅದು ಕಬ್ಬಿಣ, ಗಾಜು, ಎಣ್ಣೆ. ಹಾಗಿದ್ದರೂ ಸುಮ್ಮನೆ ಕೊಟ್ಟುಬಿಡುವಂತಿಲ್ಲ. ಬಳಕೆ ನಿಲ್ಲಿಸಿದ್ದನ್ನು ಇ-ಲೋರಾ ಮೂಲಕ ಎಇಆರ್‌ಬಿಗೆ ತಿಳಿಸಬೇಕು. ಟ್ಯೂಬನ್ನು ಮತ್ತೆ ಬಳಸಲಾಗದಂತೆ ಮಾಡಿ ಕೊಡಿ. ಇಲ್ಲದಿದ್ದರೆ ಅದು ಯಾವುದೋ ಊರಿನಲ್ಲಿ ಪರವಾನಗಿ ಇಲ್ಲದ ಅಂಗಡಿಯಲ್ಲಿ ಮತ್ತೆ ಜೀವ ಪಡೆಯುತ್ತದೆ.

ಕೋಬಾಲ್ಟ್ ಚಿಕಿತ್ಸಾ ಯಂತ್ರದ ಸಂಗತಿ ಪೂರ್ತಿ ಬೇರೆ. ನಮ್ಮ ದೇಶದಲ್ಲೇ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಆಗಲಿ, ಹೊರಗಿನದಾಗಲಿ, ಅದರ ತಲೆಯೊಳಗಿನ ಕೋಬಾಲ್ಟ್ ಹಗಲೂ ರಾತ್ರಿ ಕಿರಣ ಸೂಸುತ್ತಲೇ ಇರುತ್ತದೆ. 5.27 ವರ್ಷಕ್ಕೆ ಅರ್ಧವಾಗುತ್ತದೆ, ಆರುವುದಿಲ್ಲ. ಸ್ವಿಚ್ ಒತ್ತಿದರೆ ಆ ಕೋಬಾಲ್ಟ್ ಮುಂದೆ ಬರುತ್ತದೆ, ಸಮಯ ಮುಗಿದರೆ ಹಿಂದೆ ಸರಿಯುತ್ತದೆ. ಹಿಂದೆ ಸರಿಯದೆ ಸಿಕ್ಕಿಕೊಂಡರೆ? ಅದಕ್ಕಾಗಿಯೇ ಅಣಕು ಅಭ್ಯಾಸ ಮಾಡಿಸುತ್ತೇವೆ. ಮೊದಲು ತುರ್ತು ಗುಂಡಿ. ಆಗಲಿಲ್ಲವೇ, ಒಳಗೆ ಹೋಗಿ ಕಿರಣದ ನೇರಕ್ಕೆ ಬಾರದಂತೆ ಪಕ್ಕದಿಂದ ರೋಗಿಯನ್ನು ಹೊರಗೆ ತರುವುದು. ಬಾಗಿಲು ಮುಚ್ಚುವುದು. ಯಂತ್ರದ ಗೋಜು ಆಮೇಲೆ. ಹೊಸಬರು ಪ್ರತಿ ಸಲವೂ ಮೊದಲು ಯಂತ್ರದ ಕಡೆ ಓಡುತ್ತಾರೆ, ಮೇಜಿನ ಮೇಲೆ ಮಲಗಿರುವವರನ್ನು ಮರೆತು. ಸ್ವಲ್ಪ ಗದರಿಸಿಯೇ ಕಲಿಸಬೇಕಾಗುತ್ತದೆ.

ಥಿಯೇಟರ್ ಸಿಸ್ಟರ್, ಗಂಗಾವತಿ

ಸಿ-ಆರ್ಮ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾವು ಮೂಳೆ ಆಪರೇಷನ್‌ಗಳಲ್ಲಿ ರೋಗಿಯ ಪಕ್ಕದಲ್ಲೇ ನಿಲ್ಲುವವರು. ಎಕ್ಸ್‌ರೇ ತಂತ್ರಜ್ಞ ಗೋಡೆಯ ಹಿಂದೆ, ನಾವು ಕಿರಣದ ಬಾಗಿಲಲ್ಲಿ. ನಮಗೆ ಬ್ಯಾಡ್ಜ್ ಇಲ್ಲ. ಏಪ್ರನ್ ನಾಲ್ಕು, ಜನ ಏಳು. ಇದ್ದವನ್ನೂ ಮಡಚಿ ಮೂಲೆಗೆ ಎಸೆಯುತ್ತಾರೆ. ನಾನು ಗರ್ಭಿಣಿ ಎಂದು ಹೇಳಿದಾಗ ಹಿಂದಿನ ಆಸ್ಪತ್ರೆಯವರು "ಹಾಗಾದರೆ ಮನೆಯಲ್ಲೇ ಇರಿ" ಎಂದರು, ಸಂಬಳ ಇಲ್ಲದೆ. ಅದಕ್ಕೇ ನನ್ನ ಜೊತೆಯವಳು ತನ್ನದನ್ನು ಐದು ತಿಂಗಳವರೆಗೂ ಮುಚ್ಚಿಟ್ಟಳು.

ಭೌತಶಾಸ್ತ್ರ ಬಳ್ಳಾರಿ

ಅಕ್ಕ, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನಿಮ್ಮದು. ಎಕ್ಸ್‌ರೇ ಕೊಠಡಿಯವರಿಗಿಂತ ಥಿಯೇಟರಿನವರಿಗೂ ಹೃದಯದ ರಕ್ತನಾಳ ನೋಡುವ ಕ್ಯಾತ್‌ಲ್ಯಾಬಿನವರಿಗೂ ಬೀಳುವುದು ಹೆಚ್ಚು. ಬ್ಯಾಡ್ಜ್ ಮೊದಲು ಅವರಿಗೇ ಬೇಕು.

ಗರ್ಭಿಣಿ ಎಂದು ತಿಳಿಸಿದ ಮೇಲೆ ಉಳಿದ ಅವಧಿಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮಿತಿ. ಇದನ್ನು ಪಾಲಿಸಲು ಕೆಲಸದ ಜಾಗ ಬದಲಿಸಬೇಕೇ ಹೊರತು ಕೆಲಸದಿಂದ ತೆಗೆಯುವುದಲ್ಲ. ಗರ್ಭಿಣಿ ಎಂದು ತಿಳಿಸಿದ್ದೇ ಕೆಲಸದಿಂದ ಹೊರಗಿಡಲು ಕಾರಣವಾಗಬಾರದು ಎಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮೂಲ ಸುರಕ್ಷಾ ಮಾನದಂಡಗಳಲ್ಲೇ ಇದೆ. ಆಸ್ಪತ್ರೆ ಹೊರಗೆ ಹಾಕುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಟ್ಟರೆ ಮಗುವಿಗೇ ತೊಂದರೆ. ಆ ತಪ್ಪು ನಿಮ್ಮ ಗೆಳತಿಯದಲ್ಲ, ಹಾಗೆ ಹೆದರಿಸಿದವರದು.

ಸಿ-ಆರ್ಮ್‌ಗೆ ಬಂದರೆ, ಟ್ಯೂಬ್ ಮೇಜಿನ ಕೆಳಗಿರಲಿ, ಚಿತ್ರ ಹಿಡಿಯುವ ಭಾಗ ರೋಗಿಯ ಮೈಗೆ ಆದಷ್ಟು ಹತ್ತಿರ ಇರಲಿ. ತಲೆಕೆಳಗು ಮಾಡಿದರೆ ಚದುರಿದ ಕಿರಣ ನೇರ ಮುಖಕ್ಕೆ ಬರುತ್ತದೆ. ಪಕ್ಕದಿಂದ ತೆಗೆಯುವಾಗ ಟ್ಯೂಬಿನ ಕಡೆ ನಿಲ್ಲಬೇಡಿ, ಎದುರು ಬದಿಗೆ ಹೋಗಿ. ಒಂದು ಹೆಜ್ಜೆ ಹಿಂದೆ ಸರಿದು 1 ಮೀಟರ್ 2 ಮೀಟರ್ ಆದರೆ ನಾಲ್ಕರಲ್ಲಿ ಒಂದಾಗುತ್ತದೆ, ಅದಕ್ಕೆ ಖರ್ಚಿಲ್ಲ. ಕಣ್ಣಿನ ಬಗ್ಗೆ ವೈದ್ಯರೂ ಅಸಡ್ಡೆ ತೋರುತ್ತಾರೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲೇ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ 20ಕ್ಕೆ ಇಳಿಸಲು ಶಿಫಾರಸು ಮಾಡಿತು. ಏಪ್ರನ್ ಮಡಚಿದರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆಗೆ ಏನೂ ಆಗಿರುವುದಿಲ್ಲ. ವರ್ಷಕ್ಕೊಮ್ಮೆ ಅದನ್ನೇ ಸಿ-ಆರ್ಮ್ ಕೆಳಗಿಟ್ಟು ನೋಡಿ.

ಬಿಸಿಲೂರು

ಗಿಣಿಗೇರಾದವರ ಅವ್ವನ ಪ್ರಶ್ನೆ ಹಾಗೇ ಉಳಿಯಿತು. ಹೆಣ್ಣು ಸಿಗುತ್ತದೆಯೋ ಇಲ್ಲವೋ?

ಹಳೆಯ ಡಾರ್ಕ್‌ರೂಮ್, ರಾಯಚೂರು

ಹೆಣ್ಣು ಸಿಗುವುದು ಸಂಬಳದ ಮೇಲೆ ನಿಂತಿದೆ, ಅದನ್ನು ಎಇಆರ್‌ಬಿ ನೋಡಿಕೊಳ್ಳುವುದಿಲ್ಲ.

ಮಕ್ಕಳ ಮಾತಿಗೆ ಉತ್ತರ ಇದೆ. ಗಂಡಸರಲ್ಲಿ ತಾತ್ಕಾಲಿಕ ಬಂಜೆತನಕ್ಕೇ ವೃಷಣಗಳ ಮೇಲೆ ಒಮ್ಮೆಲೇ ಸುಮಾರು 100 ಮಿಲಿಗ್ರೇ ಬೀಳಬೇಕು, ಶಾಶ್ವತವಾಗಲು ಅದರ ಹತ್ತಾರು ಪಟ್ಟು. ವಿಕಿರಣ ಕೆಲಸಗಾರರಿಗೆ ನಮ್ಮ ದೇಶದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಬ್ಯಾಡ್ಜನ್ನು ಪ್ರಾಮಾಣಿಕವಾಗಿ ಧರಿಸಿದ ನನ್ನ ಸಹೋದ್ಯೋಗಿಗಳ ವರದಿಗಳು ವರ್ಷಕ್ಕೆ 1ರ ಒಳಗೇ ಇರುತ್ತವೆ. ನಾವು ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಬೀಳುತ್ತದೆ, ಅದರಲ್ಲಿ ನಮ್ಮ ಗ್ರಾನೈಟ್ ಬೆಟ್ಟಗಳ ಪಾಲೂ ಇದೆ. ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ ಎಂದು ಅವ್ವನಿಗೆ ಹೇಳು.

ಆದರೆ ತಮ್ಮ, ಈ ಅಂಕಿಗಳೆಲ್ಲ ಬ್ಯಾಡ್ಜ್ ಎದೆಯ ಮೇಲಿದ್ದಾಗ ಮಾತ್ರ ಸತ್ಯ. ಮೊಳೆಯ ಮೇಲಿದ್ದರೆ ಅವ್ವನಿಗೆ ಉತ್ತರ ಕೊಡಲು ನಿನ್ನ ಬಳಿ ಕಾಗದವೇ ಇರುವುದಿಲ್ಲ.

ಗಿಣಿಗೇರಾದವನು

ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೆ ಬಳ್ಳಾರಿಗೆ ಹೋಗಿದ್ದೆ. ಸಹಿ ಮಾಡುವ ಮೊದಲು ಮೂರು ಬೇಕು ಎಂದು ಬರೆದು ಕೊಟ್ಟೆ: ಎಸಿ ರಿಪೇರಿ ಮಾಡಿಸಿ ಬಾಗಿಲು ಮುಚ್ಚುವುದು, ಥಿಯೇಟರಿನ ಎಲ್ಲರಿಗೂ ಬ್ಯಾಡ್ಜ್, ಎಲ್ಲ ಯಂತ್ರಗಳ ಇತ್ತೀಚಿನ ಗುಣಮಟ್ಟ ಪರೀಕ್ಷೆಯ ವರದಿ ತೋರಿಸುವುದು. ಆಡಳಿತದವರು ಮೊದಲು ಮುಖ ಗಂಟು ಹಾಕಿದರು. ವೈದ್ಯ ಮಾಲೀಕರು ಬಂದ ಮೇಲೆ ಮಾತು ತಿಳಿಯಾಯಿತು. ಬಾಗಿಲು, ಬ್ಯಾಡ್ಜ್ ಒಪ್ಪಿದರು. ವರದಿ ಹುಡುಕುತ್ತಿದ್ದಾರೆ. ಸಿಟಿಯದು ಸಿಕ್ಕಿತು, ಸಿ-ಆರ್ಮ್‌ನದು ಸಿಕ್ಕಿಲ್ಲ. ಬಿಲ್ ಹುಡುಗಿಯ ಮೇಜನ್ನು ಅಂದೇ ಸರಿಸಿದರು, ಆಕೆ "ಫ್ಯಾನ್ ಗಾಳಿ ಬರುವುದಿಲ್ಲ" ಎಂದು ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಸದ್ಯ ತಂತ್ರಜ್ಞನಾಗಿ ಸೇರುತ್ತೇನೆ, ಆರ್‌ಎಸ್‌ಒ ಅರ್ಜಿ ಆ ವರದಿ ಬಂದ ಮೇಲೆ ಎಂದಿದ್ದೇನೆ. ಇದು ಸರಿಯೇ?

ಭೌತಶಾಸ್ತ್ರ ಬಳ್ಳಾರಿ

ಸರಿ. ಗುಣಮಟ್ಟ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಮತ್ತು ದೊಡ್ಡ ರಿಪೇರಿ ಆದಾಗಲೆಲ್ಲ ಆಗಬೇಕು, ಸಿಟಿ ವರದಿಯ ದಿನಾಂಕ ನೋಡಿಕೊಳ್ಳಿ. ಪತ್ರದ ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿ ಮನೆಯಲ್ಲಿಡಿ. ಹಳೆಯ ಕೇಂದ್ರದಿಂದ ನಿಮ್ಮ ಡೋಸ್ ದಾಖಲೆ ಕೇಳಿ ಪಡೆಯಿರಿ, ಹಳೆಯ ಬ್ಯಾಡ್ಜ್ ಅಲ್ಲೇ ಹಿಂತಿರುಗಿಸಿ. ಸರ್ವೇ ಮೀಟರ್ ಬಂದಾಗ ಬಾಗಿಲು ಮುಚ್ಚಿ ಮೇಜಿನ ಹಳೆಯ ಜಾಗದಲ್ಲೂ ಅಳೆಸಿ. ಸಾರ್ವಜನಿಕರಿರುವ ಜಾಗಕ್ಕೆ ವಾರಕ್ಕೆ 2 ಮಿಲಿರಾಂಟ್‌ಜೆನ್ (ವಿಕಿರಣ ಅಳೆಯುವ ಹಳೆಯ ಮಾನ), ಕೆಲಸಗಾರರ ಜಾಗಕ್ಕೆ 40 ಎಂಬ ಲೆಕ್ಕದಲ್ಲಿ ವರದಿ ಬರುತ್ತದೆ. ಒಳಗೆ ಬಂದರೆ ಆಕೆಗೆ ಫ್ಯಾನ್ ವಾಪಸ್ ಕೊಡಿ.

ಬ್ಯಾಡ್ಜ್ ಪೆಟ್ಟಿಗೆಯ ಜೊತೆ ಒಂದು ಕಂಟ್ರೋಲ್ ಬ್ಯಾಡ್ಜ್ ಬರುತ್ತದೆ. ಅದನ್ನು ಯಾರೂ ಧರಿಸುವಂತಿಲ್ಲ, ವಿಕಿರಣವಿಲ್ಲದ ಜಾಗದಲ್ಲಿ ಇಡಬೇಕು. ಅದೂ ಆ ಮೊಳೆಯ ಮೇಲೇ ಇದೆಯೇ ನೋಡಿ. ಇದ್ದರೆ ಮೊದಲ ದಿನವೇ ಲೆಕ್ಕಪತ್ರ ವಿಭಾಗದ ಬೀರುವಿಗೆ ಸಾಗಿಸಿ.

ಗಿಣಿಗೇರಾದವನು

ಮೊಳೆಯ ಮೇಲೇ ಇತ್ತು ಮೇಡಂ. ಸೋಮವಾರ ಸಾಗಿಸುತ್ತೇನೆ.